ಚಕ್ರ ತೆಗೆದ ಮೇಲೆ

ಆ ಕೋಣೆಯ ಸದ್ದನ್ನು ಒಮ್ಮೆ ಕೇಳಿದವರು ಮರೆಯುವ ಹಾಗಿಲ್ಲ. ಗೋಡೆಯುದ್ದಕ್ಕೂ ಒಂದರ ಮೇಲೊಂದು ಜೋಡಿಸಿದ ಪ್ಲಾಸ್ಟಿಕ್ ಪೆಟ್ಟಿಗೆಗಳು, ಪೆಟ್ಟಿಗೆಗೊಂದು ಇಲಿ, ಒಳಗೆ ಹತ್ತಿ ಓಡಲು ಇಲಿಗೊಂದು ಉಕ್ಕಿನ ಚಕ್ರ. ಇಲಿ ರಾತ್ರಿಯ ಪ್ರಾಣಿ. ಮನುಷ್ಯರಿಗೆ ಅನುಕೂಲವಾಗಲಿ ಎಂದು ಅಲ್ಲಿ ಹಗಲನ್ನೇ ರಾತ್ರಿ ಮಾಡಿದ್ದರು. ಮಂದವಾದ ಒಂದು ಕೆಂಪು ದೀಪ, ಉಳಿದದ್ದೆಲ್ಲ ಕತ್ತಲು, ಆ ಕತ್ತಲಲ್ಲಿ ಬಿಡುವಿಲ್ಲದೆ ಕಿರ್ರೋ ಎನ್ನುವ ಚಕ್ರಗಳು. ಹೊಸಬರು ಒಳಗೆ ಬಂದರೆ ಐದೇ ನಿಮಿಷಕ್ಕೆ ತಲೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು. ಇಲಿಯಮ್ಮನಿಗೆ ಮಾತ್ರ ಅದು ಜೋಗುಳ.

ಇಲಿಯಮ್ಮ ಎಂದರೆ ಆ ಪ್ರಯೋಗಾಲಯದ ಮುಖ್ಯಸ್ಥೆ. ಓದಿ ಸಂಪಾದಿಸಿದ ಡಾಕ್ಟರ್ ಪದವಿ ಬಾಗಿಲ ಮೇಲಿನ ಫಲಕದಲ್ಲಷ್ಟೇ ಉಳಿದಿತ್ತು. ಜೊತೆಯವರಿಗೆ ಅವಳು ಇಲಿಯಮ್ಮ, ಬೀದಿಯವರಿಗೆ ಇಲಿಯಮ್ಮ, ಕಡೆಗೆ ಸ್ವಂತ ಅತ್ತೆಯ ಬಾಯಲ್ಲೂ ಅದೇ. "ಬೆಟ್ಟ ಅಗೆದು ಇಲಿ ಹಿಡಿದೋರ ಕಥೆ ಕೇಳಿದ್ದೆ. ನನ್ನ ಸೊಸೆಗೆ ಬೆಟ್ಟಾನೂ ಬೇಡ, ಇಲಿ ಸಿಕ್ಕಿದ್ರೆ ಸಾಕು" ಎಂದು ಮನೆಗೆ ಬಂದವರ ಮುಂದೆಲ್ಲ ಆಡಿ ನಗಿಸುತ್ತಿದ್ದಳು ಮುದುಕಿ.

ಇಲಿಯಮ್ಮನ ಕೆಲಸ ಹೇಳಹೊರಟರೆ ಇಷ್ಟೇ. ಪ್ರತಿ ತಲೆಮಾರಿನಲ್ಲೂ ಚಕ್ರದ ಮೇಲೆ ಎಲ್ಲಕ್ಕಿಂತ ಹೆಚ್ಚು ಓಡಿದ ಗಂಡನ್ನೂ ಹೆಣ್ಣನ್ನೂ ಆರಿಸಿ ಕೂಡಿಸುವುದು, ಅವುಗಳ ಮರಿಗಳಲ್ಲಿ ಮತ್ತೆ ಆರಿಸುವುದು. ಹೀಗೆ ಆರಿಸುತ್ತಾ ಬಂದದ್ದಕ್ಕೆ ಓಟದ ಸಾಲು ಎಂದು ಹೆಸರು. ಪಕ್ಕದಲ್ಲೇ, ಯಾವುದನ್ನೂ ಆರಿಸದೆ ಬೆಳೆಸಿದ್ದು ಸಾದಾ ಸಾಲು. ಸಾದಾ ಇಲಿ ಒಂದಷ್ಟು ಓಡುತ್ತದೆ, ತಿನ್ನುತ್ತದೆ, ಮುದುರಿಕೊಂಡು ಮಲಗುತ್ತದೆ, ನಮ್ಮ ನಿಮ್ಮ ಹಾಗೆ. ಓಟದ ಸಾಲಿನದು ಅದರ ಮೂರರಷ್ಟು ಓಡುತ್ತದೆ. ಹಿಂದೆ ಬೆಕ್ಕಿಲ್ಲ, ಮುಂದೆ ಕಾಳಿಲ್ಲ. ಯಾಕಪ್ಪಾ ಓಡುತ್ತೀಯ ಅಂದರೆ, ಓಡಬೇಕು ಅನ್ನಿಸುತ್ತದೆ, ಅದಕ್ಕೆ. ಗಟ್ಟಿ ಕಾಲು, ಗಟ್ಟಿ ಗುಂಡಿಗೆ ಅಪ್ಪ ಅಮ್ಮನಿಂದ ಬರುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಆ ಅನ್ನಿಸುವಿಕೆಯೂ ಹಾಗೇ ರಕ್ತದಲ್ಲಿ ಇಳಿದು ಬರುತ್ತದೆ ಎಂದು ತೋರಿಸುವುದರಲ್ಲಿ ಇಲಿಯಮ್ಮನ ಅರ್ಧ ಆಯುಷ್ಯ ಕಳೆದಿತ್ತು. ಚಕ್ರಕ್ಕೊಂದು ಪುಟ್ಟ ಎಣಿಕೆಯ ಯಂತ್ರ, ಅದರಿಂದ ಕಂಪ್ಯೂಟರಿಗೆ ತಂತಿ. ಯಾವ ಇಲಿ ಎಷ್ಟು ಸುತ್ತಿತು ಎನ್ನುವುದು ಪರದೆಯ ಮೇಲೆ ಬಂದು ಕೂರುತ್ತಿತ್ತು. ಅವಳಿಗೆ ಆ ಪರದೆಯೇ ಸತ್ಯ.

ಮನೆಯಲ್ಲಿ ಗಂಡ ಡ್ರಿಲ್ ಮೇಷ್ಟ್ರು. ಸೀಟಿ ಕುತ್ತಿಗೆಯಲ್ಲಿ ಇಲ್ಲದಿದ್ದರೆ ಬಟ್ಟೆ ಇಲ್ಲದವನ ಹಾಗೆ ಸಂಕೋಚಪಡುವ ಮನುಷ್ಯ. ಇಬ್ಬರೂ ಕಾಲೇಜಿನ ದಿನಗಳಲ್ಲಿ ಓಟದ ಮೈದಾನದಲ್ಲೇ ಪರಿಚಯವಾದವರು. "ಓಡೋ ಗಂಡು, ಓಡೋ ಹೆಣ್ಣು. ಆ ಇಲಿಗಳಿಗೆ ಏನು ಮಾಡ್ತಾಳೋ ಅದನ್ನೇ ತನಗೂ ಮಾಡ್ಕೊಂಡ್ಲು" ಎಂದು ಅತ್ತೆ ಅಂದಾಗ ಎಲ್ಲರೂ ನಗುತ್ತಿದ್ದರು, ಇಲಿಯಮ್ಮನೂ ನಗುತ್ತಿದ್ದಳು. ಒಬ್ಬಳೇ ಮಗಳು, ಪುಟ್ಟಿ. ಹದಿನಾರು ವರ್ಷವಾದರೂ ಪುಟ್ಟಿಯೇ. ಅಂಬೆಗಾಲಿಡುವುದನ್ನೇ ಮರೆತು ಎದ್ದು ಓಡಿದ ಕೂಸು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ ಎಂದು ಅಜ್ಜಿ, ನೂಲಿನಂತೆ ಸೀರೆ ತಾಯಿಯಂತೆ ಮಗಳು ಎಂದು ನೆರೆಯವರು, ಇವಳು ನನ್ನ ಹೆಸರು ಉಳಿಸ್ತಾಳೆ ಎಂದು ಅಪ್ಪ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆತ್ತದ್ದು ಜಿಂಕೆ, ಮುದ್ದು ಎಷ್ಟಿರಬೇಡ!

ಆ ವರ್ಷ ಇಲಿಯಮ್ಮ ಒಂದು ಹೊಸ ಪ್ರಯೋಗಕ್ಕೆ ಕೈಹಾಕಿದಳು. ಕಾಳಿನ ಬಟ್ಟಲನ್ನು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಒಳಗಿಟ್ಟು ತೆಗೆಯುವುದು. ಸಾದಾ ಇಲಿಗಳು ಎರಡು ದಿನ ತಬ್ಬಿಬ್ಬಾದವು, ಆಮೇಲೆ ಬಟ್ಟಲು ಬಂದ ತಕ್ಷಣ ಚಕ್ರದಿಂದ ದುಮುಕಿ ಗಬಗಬ ತಿನ್ನುವುದನ್ನು ಕಲಿತವು. ಓಟದ ಸಾಲಿನವು ಕಲಿಯಲಿಲ್ಲ. ಬಟ್ಟಲು ಮೂಗಿನ ಹತ್ತಿರವೇ ಇರುತ್ತಿತ್ತು, ಅವು ಓಡುತ್ತಿದ್ದವು. ಒಂದು ಇಳಿದು ಬಂದು ಕಾಳನ್ನು ಮೂಸಿತು, ಏನೋ ಮರೆತು ಬಂದೆ ಎನ್ನುವ ಹಾಗೆ ತಿರುಗಿ ಚಕ್ರ ಹತ್ತಿತು. ದಿನದಿನಕ್ಕೆ ತೂಕ ಇಳಿಯಿತು. ತೂಕ ಇಳಿದಷ್ಟೂ ಓಟ ಏರಿತು. ಹಸಿದ ಪ್ರಾಣಿ ಸುಮ್ಮನೆ ಬಿದ್ದುಕೊಂಡಿರಬೇಕಲ್ಲವೇ? ಇಲ್ಲ, ಹಸಿದಷ್ಟೂ ಓಡಬೇಕು ಅನ್ನಿಸುತ್ತಿತ್ತು ಅವಕ್ಕೆ. ಹಾಗೇ ಬಿಟ್ಟರೆ ಸತ್ತೇಹೋಗುತ್ತವೆ. ಅದಕ್ಕೆಂದೇ ಪ್ರಯೋಗಾಲಯದ ಪಶುವೈದ್ಯ ಒಂದು ನಿಯಮ ಹಾಕಿದ್ದ: ತೂಕ ಇಂತಿಷ್ಟಕ್ಕಿಂತ ಕೆಳಗಿಳಿದರೆ ಪೆಟ್ಟಿಗೆಯಿಂದ ಚಕ್ರ ತೆಗೆದು, ಕಾಳಿನ ಬಟ್ಟಲನ್ನು ಒಳಗೇ ಬಿಡಬೇಕು. "ಚಕ್ರ ತೆಗಿ" ಎನ್ನುವುದು ಅಲ್ಲಿ ದಿನಬಳಕೆಯ ಮಾತಾಯಿತು. ತೆಗೆದ ಕೂಡಲೇ ಪರದೆಯ ಮೇಲೆ ಆ ಇಲಿಯ ಹೆಸರಿಗೆ ಸೊನ್ನೆ. ಸದ್ಯ, ಬದುಕಿತು ಬಡಜೀವ ಎಂದು ಇಲಿಯಮ್ಮ ಮುಂದಿನ ಪೆಟ್ಟಿಗೆಗೆ ಹೋಗುತ್ತಿದ್ದಳು.

ಮನೆಯಲ್ಲಿ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಪುಟ್ಟಿ ಕೂತಿರಲಿಲ್ಲ. ಕುರ್ಚಿಯ ಹಿಂದೆ ನಿಂತಿದ್ದಳು, ಹಿಮ್ಮಡಿ ಏರಿಸಿ ಇಳಿಸಿ ಏರಿಸಿ ಇಳಿಸಿ ಮಾಡುತ್ತಿದ್ದಳು. ತಟ್ಟೆಯ ಹತ್ತಿರ ಬಗ್ಗಿದಳು, ನೋಡಿದಳು, "ಆಮೇಲೆ ತಿಂತೀನಿ ಅಮ್ಮ, ಒಂದು ಸುತ್ತು ಹೋಗಿ ಬಂದುಬಿಡ್ತೀನಿ" ಎಂದು ಬೂಟಿನ ಕಡೆ ತಿರುಗಿದಳು. ಆ ತಿರುಗಿದ ರೀತಿ! ಇಲಿಯಮ್ಮನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಮಗಳ ಮೊಣಕೈ ಇಷ್ಟು ಚೂಪಾದದ್ದು ಯಾವಾಗ? ಮುಖದಲ್ಲಿ ಕಣ್ಣೆರಡೇ ಉಳಿದದ್ದು ಯಾವಾಗ? ಊರಿನ ಇಲಿಗಳನ್ನೆಲ್ಲ ತೂಗುವವಳು ಮನೆಯ ಮಗಳನ್ನು ನೋಡಿರಲಿಲ್ಲ, ನಾಚಿಕೆಯಾಗಬೇಕು.

"ಜಿಲ್ಲಾ ತಂಡದ ಆಯ್ಕೆ ಓಟ ಹತ್ರ ಬಂತಲ್ಲ ಕಣೇ, ಸ್ವಲ್ಪ ಇಳಿದಿದ್ದಾಳೆ. ಹಗುರ ಇದ್ದಷ್ಟೂ ಒಳ್ಳೇದು" ಎಂದ ಮೇಷ್ಟ್ರು.

"ಒಳ್ಳೇದು ಅಂತೆ! ನಾಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ನೀವು ಅಡ್ಡ ಬಾಯಿ ಹಾಕ್ಬೇಡಿ."

ಹೃದಯದ ಡಾಕ್ಟರ್ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಪುಟ್ಟಿಯ ಎದೆಗೆ ತಂತಿಗಳನ್ನು ಅಂಟಿಸಿ, ಕಾಗದದ ಮೇಲಿನ ಗೆರೆಯನ್ನು ಎರಡೆರಡು ಸಲ ನೋಡಿ, ಹುಡುಗಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದಳು.

"ಗುಂಡಿಗೆ ತುಂಬಾ ನಿಧಾನ ಆಗಿದೆ. ನಡುನಡುವೆ ತಪ್ತಾ ಇದೆ. ತಿನ್ನದೆ ಓಡಿ ಓಡಿ ದೇಹ ತನ್ನನ್ನೇ ತಿನ್ಕೊಳ್ತಿದೆ. ಹೀಗೇ ಓಡ್ತಾ ಇದ್ರೆ ಒಂದಿನ ನಿಂತುಬಿಡುತ್ತೆ. ಇವತ್ತೇ ಅಡ್ಮಿಟ್ ಮಾಡಿ. ಇದು ಬರೀ ಮೈ ಕಾಯಿಲೆ ಅಲ್ಲ, ಮನಸ್ಸಿನದೂ ನೋಡಬೇಕು. ಅವಳ ಜೊತೆ ಕೂತು ಮಾತಾಡೋರು ನಮ್ಮಲ್ಲಿದ್ದಾರೆ."

ಇಲಿಯಮ್ಮನಿಗೆ ಭಯವಾಗಲಿಲ್ಲವೇ? ಆಯಿತು. ಆದರೆ ಆ ಭಯದ ಬೆನ್ನಿಗೇ ಒಂದು ಧೈರ್ಯವೂ ಬಂತು. ಹಾಳು ಧೈರ್ಯ! ಲೋಕದಲ್ಲಿ ಇನ್ಯಾರಿಗೂ ಗೊತ್ತಿಲ್ಲದ ಕಾಯಿಲೆ ತನಗೆ ಅಂಗೈ ಗೆರೆಯಷ್ಟು ಗೊತ್ತು ಎಂಬ ಧೈರ್ಯ. "ಡಾಕ್ಟ್ರೇ, ಇದನ್ನ ನಾನು ದಿನಾ ನೋಡ್ತೀನಿ" ಅಂದಳು. "ಓಟ ನಿಲ್ಸಿದ್ರೆ ತಾನಾಗೇ ತಿಂತಾವೆ, ತೂಕ ಬರುತ್ತೆ. ನನಗೆ ಎರಡು ವಾರ ಕೊಡಿ."

"ನಾನು ಹೇಳ್ತಿರೋದು ಇಲಿ ವಿಷಯ ಅಲ್ಲಮ್ಮ."

"ಗೊತ್ತು ಡಾಕ್ಟ್ರೇ" ಅಂದಳು ಇಲಿಯಮ್ಮ. ಗೊತ್ತಿರಲಿಲ್ಲ.

ಮನೆಗೆ ಬಂದವಳೇ ಚಕ್ರ ತೆಗೆದಳು. ಬೂಟುಗಳನ್ನು ತನ್ನ ಕಪಾಟಿಗೆ ಹಾಕಿ ಬೀಗ ಜಡಿದಳು. ಹೊರಬಾಗಿಲ ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ರಜೆಯ ದಿನಗಳಾದ್ದರಿಂದ ಶಾಲೆಯ ಗೊಡವೆಯೂ ಇರಲಿಲ್ಲ. ಮೇಷ್ಟ್ರು ಹಾರಾಡಿದ, "ವರ್ಷಗಟ್ಲೆ ಕಟ್ಟಿದ್ದನ್ನ ಒಂದೇ ದಿನದಲ್ಲಿ ಬೀಳಿಸ್ತಿದ್ದೀಯ" ಅಂದ. ಡಾಕ್ಟರ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಅವನ ಕಿವಿಗೆ ಹಾಕಿದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತ. ಕುತ್ತಿಗೆಯ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಆದರೂ ಆಸ್ಪತ್ರೆಗೇ ಸೇರಿಸೋಣ ಕಣೇ ಎಂದು ಒಂದು ಮಾತು ಅಂದ. ಇಲಿಯಮ್ಮ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪುಟ್ಟಿ ಅಳುತ್ತಾಳೆ, ಕಿರುಚುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. "ಸರಿ ಅಮ್ಮ" ಅಂದಳು. ಅಷ್ಟೇ. ಊಟದ ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂತಳು, ಅರ್ಧ ತಟ್ಟೆ ತಿಂದಳು, ತಟ್ಟೆ ತೊಳೆದಿಟ್ಟು ಪುಸ್ತಕ ಹಿಡಿದು ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಇಷ್ಟು ವಿಧೇಯತೆ ಆ ಮನೆ ಹಿಂದೆಂದೂ ಕಂಡಿರಲಿಲ್ಲ. "ದೇವರಂಥ ಮಗು, ಸುಮ್ನೆ ಹೆದರಿಸಿದ್ರಿ ಎಲ್ಲರೂ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಇಲಿಯಮ್ಮ ಮಗಳನ್ನು ಬೆಳಗ್ಗೆ ತೂಗುತ್ತಿದ್ದಳು. ತೂಕ ಏರಲಿಲ್ಲ. ಇನ್ನಷ್ಟು ಇಳಿಯಿತು. ಬೇರೆ ತಾಯಿಯಾಗಿದ್ದರೆ ಆ ಹೊತ್ತಿಗೇ ಬಾಯಿ ಬಡಿದುಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು. ಇವಳು ಓಡಲಿಲ್ಲ. ಚಕ್ರ ತೆಗೆದ ಮೊದಲ ದಿನಗಳಲ್ಲಿ ಇಲಿಗಳದ್ದೂ ಇಳಿಯುತ್ತದೆ, ಆಮೇಲೆ ಏರುತ್ತದೆ, ಪರದೆಯ ಮೇಲೆ ಸೊನ್ನೆ ಇದ್ದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಮನೆಯಲ್ಲಿ ಪರದೆ ಎಲ್ಲಿತ್ತು? ಕಪಾಟಿನಲ್ಲಿದ್ದ ಬೂಟೇ ಅವಳ ಪರದೆ. ಅದು ಅಲ್ಲೇ ಇದೆ, ಅಂದರೆ ಮಗಳು ಓಡುತ್ತಿಲ್ಲ.

ಒಂದು ದಿನ ಕೆಳಗಿನ ಮನೆಯ ದರ್ಜಿ ಹೆಂಗಸು ಮೇಲೆ ಬಂದಳು. ಕತ್ತಿನಲ್ಲಿ ಅಳತೆಯ ಟೇಪು, ಮುಖದಲ್ಲಿ ಸಿಡುಕು. "ತಪ್ಪು ತಿಳ್ಕೋಬೇಡಿ. ನೀವು ಕೆಲಸಕ್ಕೆ ಹೋದ ಮೇಲೆ ಮೇಲಿಂದ ಒಂದೇ ಸಮ ಧಬ್ ಧಬ್ ಅಂತ ಸದ್ದು. ಹೊಲಿಗೆ ಮೇಲೆ ಗಮನ ನಿಲ್ಲಲ್ಲ, ನಿನ್ನೆ ಒಂದು ತೋಳು ಉಲ್ಟಾ ಹೊಲಿದುಬಿಟ್ಟೆ. ಏನಾದ್ರೂ ಕುಟ್ತೀರಾ?"

ರಜೆಯಲ್ಲೂ ಮೇಷ್ಟ್ರು ಮಕ್ಕಳ ಓಟದ ಶಿಬಿರಕ್ಕೆ ಹೋಗುತ್ತಿದ್ದ, ಹಗಲು ಪುಟ್ಟಿಯ ಜೊತೆ ಇರುತ್ತಿದ್ದವಳು ಅತ್ತೆಯೊಬ್ಬಳೇ. ಇಲಿಯಮ್ಮ ಅವಳ ಮುಖ ನೋಡಿದಳು. ಅತ್ತೆಗೆ ಕಿವಿ ಸ್ವಲ್ಪ ಮಂದ, ತಾನೇನೂ ಕೇಳಿಲ್ಲ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಪುಟ್ಟಿಯೇ ಕೋಣೆಯಿಂದ ಹೊರಗೆ ಬಂದಳು. "ಸಾರಿ ಆಂಟಿ, ನಾನೇ. ಹಾಡು ಕೇಳ್ತಾ ಕಾಲಲ್ಲಿ ತಾಳ ಹಾಕ್ತಿದ್ದೆ. ಇನ್ಮೇಲೆ ಹಾಕಲ್ಲ" ಎಂದು ನಕ್ಕಳು. ಆ ನಗುವಿಗೆ ದರ್ಜಿ ಹೆಂಗಸೂ ಕರಗಿ ನೀರಾದಳು. ಮಾರನೆಯ ದಿನದಿಂದ ಸದ್ದು ನಿಂತಿತು. ಮೆಟ್ಟಿಲಲ್ಲಿ ಸಿಕ್ಕಾಗ ಅವಳೇ ಹೇಳಿದಳು, "ಎಷ್ಟು ಒಳ್ಳೆ ಮಗು ನಿಮ್ಮದು, ಒಂದು ಮಾತಿಗೆ ನಿಲ್ಲಿಸ್ತು."

ಇಲಿಯಮ್ಮನಿಗೆ ಒಳಗೆಲ್ಲೋ ಹುಳ ಕೊರೆಯಿತು. ಮಗಳ ಕೋಣೆಯ ಬಾಗಿಲವರೆಗೂ ಹೋದಳು. ಪುಟ್ಟಿ ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡು ಮಲಗಿದ್ದಳು, ಹಣೆಯ ಮೇಲೆ ಬೆವರಿತ್ತು. "ಸೆಕೆ ಅಮ್ಮ" ಅಂದಳು. ಸೆಕೆ ಇತ್ತು, ನಿಜ. ಇಲಿಯಮ್ಮ ಕಿಟಕಿ ತೆಗೆದು, ಮಗಳ ಹಣೆ ಒರೆಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದಳು.

ಮಾರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ, ಇಲಿ ಕೋಣೆಯಿಂದ ಪಶುವೈದ್ಯ ಅವಳನ್ನು ಕರೆಸಿದ. ಕೆಂಪು ದೀಪದ ಕೆಳಗೆ ಒಂದು ಪೆಟ್ಟಿಗೆಯನ್ನು ಎಳೆದಿಟ್ಟಿದ್ದ. ಓಟದ ಸಾಲಿನ ಹೆಣ್ಣಿಲಿ, ಚಕ್ರ ತೆಗೆದು ದಿನಗಳಾಗಿದ್ದವು. ಮೂಲೆಯಲ್ಲಿ ಕಾಲು ಚಾಚಿಕೊಂಡು ಸತ್ತು ಬಿದ್ದಿತ್ತು. ಕಾಳಿನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಇತ್ತು.

"ಸೊನ್ನೆ ತೋರಿಸ್ತಿತ್ತಲ್ಲ ಡಾಕ್ಟ್ರೇ" ಅಂದಳು ಇಲಿಯಮ್ಮ. "ಒಂದು ಸುತ್ತೂ ಓಡಿಲ್ಲ."

"ಸುತ್ತು ಎಣಿಸೋ ಯಂತ್ರ ಇರೋದು ಚಕ್ರಕ್ಕೆ ಮೇಡಂ. ಚಕ್ರಾನೇ ತೆಗೆದ ಮೇಲೆ ಅದು ಇನ್ನೇನು ತೋರಿಸುತ್ತೆ? ಇಲ್ನೋಡಿ."

ಅವನು ಟಾರ್ಚ್ ಹಿಡಿದ. ಪೆಟ್ಟಿಗೆಯ ತಳದಲ್ಲಿ ಹರಡಿದ್ದ ಮರದ ಹೊಟ್ಟು ನಡುವೆ ಮೃದುವಾಗಿ ಉಬ್ಬಿಕೊಂಡಿತ್ತು. ಗೋಡೆಯ ಪಕ್ಕಕ್ಕೆ, ನಾಲ್ಕೂ ಕಡೆ, ಹೊಟ್ಟು ಒತ್ತಿ ಒತ್ತಿ ಹಲಗೆಯಷ್ಟು ಗಟ್ಟಿಯಾಗಿ, ಒಂದು ಸಣ್ಣ ದಾರಿಯಾಗಿತ್ತು. ಆ ದಾರಿಗೆ ಶುರುವೂ ಇರಲಿಲ್ಲ, ಕೊನೆಯೂ ಇರಲಿಲ್ಲ.

"ಚಕ್ರ ಇಲ್ದೇನೂ ಓಡಿದೆ" ಅಂದ ಪಶುವೈದ್ಯ. "ನಾವು ನೋಡಿಲ್ಲ ಅಷ್ಟೇ. ಮಿಕ್ಕ ಪೆಟ್ಟಿಗೆಗಳನ್ನೂ ತೆಗೆದು ನೋಡಬೇಕು..."

ಅವನ ಮಾತು ಮುಗಿಯುವ ಮೊದಲೇ ಇಲಿಯಮ್ಮ ಬಾಗಿಲು ದಾಟಿದ್ದಳು. ಕೋಟು ಬಿಚ್ಚಲಿಲ್ಲ, ಚೀಲ ತೆಗೆದುಕೊಳ್ಳಲಿಲ್ಲ. ಬಸ್ಸಿಗೆ ಕಾಯುವಷ್ಟು ವ್ಯವಧಾನವೂ ಇರಲಿಲ್ಲ, ನಡುಬೀದಿಯಲ್ಲಿ ಓಡಿದಳು. ಅಂಗಡಿಗಳವರು ಎದ್ದು ನಿಂತು ನೋಡಿದರು, ಯಾರೋ "ಇಲಿಯಮ್ಮಂಗೆ ಏನಾಯ್ತೋ" ಅಂದರು. ದೇವರೇ, ಹಾಗಿರದಿರಲಿ, ನನ್ನ ಮಗು ಮಲಗಿರಲಿ, ಪುಸ್ತಕ ಓದುತ್ತಿರಲಿ, ಸುಮ್ಮನೆ ಕೂತಿರಲಿ. ಅವಳು ದೇವರನ್ನು ನೆನೆದದ್ದು ಯಾವ ಕಾಲದಲ್ಲೋ.

ಬಾಗಿಲು ತೆಗೆದ ಅತ್ತೆ ಗಾಬರಿಯಾದಳು. "ಏನೇ ಇದು ಅವತಾರ? ಇಷ್ಟು ಬೇಗ ಯಾಕೆ ಬಂದೆ?"

"ಪುಟ್ಟಿ ಎಲ್ಲಿ ಅತ್ತೆ?"

"ಕೋಣೇಲಿದ್ದಾಳೆ, ಮಲ್ಕೊಂಡಿದ್ದಾಳೆ. ನೀನು ಹೋದ ಮೇಲೆ ಒಂದು ಸದ್ದಿಲ್ಲ. ಎಬ್ಬಿಸ್ಬೇಡ, ಪಾಪ."

ಇಲಿಯಮ್ಮ ಬಾಗಿಲು ತಳ್ಳಿದಳು.

ಕಿಟಕಿಗಳೆಲ್ಲ ಮುಚ್ಚಿದ್ದವು. ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲಕ್ಕೆ ಹಾಸಿತ್ತು, ಅದರ ಮೇಲೆ ಎರಡು ಕಂಬಳಿ, ಕಂಬಳಿಯ ಮೇಲೆ ದಿಂಬು. ಅದರ ಮೇಲೆ ಬರಿಗಾಲಲ್ಲಿ ಪುಟ್ಟಿ, ನಿಂತಲ್ಲೇ ಓಡುತ್ತಿದ್ದಳು. ಸದ್ದೇ ಇರಲಿಲ್ಲ. ಮಂಡಿ ಎದೆಯವರೆಗೆ ಬಂದು ಇಳಿಯುತ್ತಿತ್ತು, ಮತ್ತೆ ಬಂದು ಇಳಿಯುತ್ತಿತ್ತು. ತುಟಿ ನೀಲಿಯಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಕಣ್ಣು ಎದುರಿನ ಗೋಡೆಯ ಮೇಲಿತ್ತು. ದಿಂಬಿನ ಗವಸಿನ ಮೇಲೆ ಅಲ್ಲಲ್ಲಿ ರಕ್ತದ ಕಲೆ, ಹೆಬ್ಬೆರಳು ಒಡೆದಿತ್ತು.

"ಪುಟ್ಟೀ!"

ಮಗಳು ತಿರುಗಿ ನೋಡಿದಳು. ಓಟ ನಿಲ್ಲಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖವಲ್ಲ ಅದು. ಬಹುಮಾನ ತಂದ ದಿನ ಬಾಗಿಲಲ್ಲಿ ನಿಂತು ಕರೆಯುವ ಮುಖ.

"ಅಮ್ಮ, ನೀನು ಹೋದಾಗಿಂದ" ಅಂದಳು, ಉಸಿರಿಗೊಂದು ಮಾತು. "ಒಂದ್ಸಲಾನೂ ನಿಂತಿಲ್ಲ. ಜಾಸ್ತಿ ಅಲ್ವಾ ಅಮ್ಮ?"

ಆಗ ಇಲಿಯಮ್ಮನಿಗೆ ಆದದ್ದನ್ನು ಅವಳು ಯಾರಿಗೂ ಹೇಳಲಾರಳು. ಭಯಕ್ಕಿಂತ ಮುಂಚೆ, ದುಃಖಕ್ಕಿಂತ ಮುಂಚೆ, ಒಂದೇ ಒಂದು ಕ್ಷಣ, ಅವಳಿಗೆ ಹೆಮ್ಮೆಯಾಯಿತು. ಬೆಳಗಿನಿಂದ ಈ ಹೊತ್ತಿನವರೆಗೆ, ಹೊಟ್ಟೆಯಲ್ಲಿ ಏನೂ ಇಲ್ಲದೆ! ಯಾವ ತಲೆಮಾರಿನದೂ ಇಷ್ಟು ಓಡಿಲ್ಲ ಎಂದು ಒಳಗೇ ಯಾರೋ ಹೇಳಿದರು, ಹೇಳಿದ್ದು ತಾನೇ ಎಂದು ಗೊತ್ತಾಗಿ ಅವಳಿಗೆ ತನ್ನ ಮೇಲೆ ಅಸಹ್ಯ ಉಕ್ಕಿತು. ಹಾಸಿಗೆಯ ಮೇಲೆ ಬಿದ್ದು ಮಗಳನ್ನು ಎರಡೂ ತೋಳಲ್ಲಿ ಅಪ್ಪಿ ಕೆಳಗೆಳೆದಳು. "ಸಾಕು ಮಗಳೇ, ಸಾಕು. ತುಂಬಾ ಜಾಸ್ತಿ ಆಯ್ತು. ನಿಲ್ಲಿಸು ಕಂದ."

"ಬರ್ತಿಲ್ಲ ಅಮ್ಮ" ಅಂದಳು ಪುಟ್ಟಿ. ಮೊದಲ ಸಲ ಅವಳ ದನಿಯಲ್ಲಿ ಹೆದರಿಕೆ ಇತ್ತು. "ನಿಲ್ಲಿಸಕ್ಕೆ ಬರ್ತಿಲ್ಲ. ನೀನೇ ನಿಲ್ಲಿಸು."

ತಾಯಿಯ ಮಡಿಲಲ್ಲಿ ಮಲಗಿದ್ದರೂ ಕಾಲುಗಳು ಹೊಡೆದುಕೊಳ್ಳುತ್ತಿದ್ದವು. ಇಲಿಯಮ್ಮ ತನ್ನ ಕಾಲುಗಳನ್ನು ಅವುಗಳ ಮೇಲೆ ಹಾಕಿ ಅದುಮಿ ಹಿಡಿದಳು. ಅವುಗಳಲ್ಲಿ ಮಾಂಸವೇ ಇರಲಿಲ್ಲ, ಆದರೂ ಏನು ಶಕ್ತಿ! ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಆಂಬ್ಯುಲೆನ್ಸ್ ಕರೀರಿ ಅತ್ತೆ, ಕೆಳಗಡೆ ಹೋಗಿ ಹೇಳಿ, ಫೋನ್ ಮಾಡೋಕೆ ಹೇಳಿ" ಎಂದು ಇಲಿಯಮ್ಮ ಕೂಗಿದಳು. ಮುದುಕಿ ಮೆಟ್ಟಿಲಿಳಿದು ಹೋದ ಸದ್ದು, ದರ್ಜಿ ಹೆಂಗಸಿನ ಮನೆಯ ಬಾಗಿಲು ಬಡಿದ ಸದ್ದು ಕೇಳಿತು. "ನಿಲ್ಲಿಸು, ನಿಲ್ಲಿಸು, ನಿಲ್ಲಿಸು" ಎಂದು ಮಗಳ ನೆತ್ತಿಗೆ ಬಾಯಿಟ್ಟು ಅವಳು ಜಪಿಸುತ್ತಲೇ ಇದ್ದಳು.

ಕಾಲುಗಳು ನಿಂತವು.

ನಿಧಾನವಾಗಲಿಲ್ಲ, ದಣಿಯಲಿಲ್ಲ, ಸುಮ್ಮನೆ ನಿಂತವು. ಪುಟ್ಟಿಯ ತಲೆ ತಾಯಿಯ ತೋಳಿಗೆ ಒರಗಿತು. ಇಲಿಯಮ್ಮ ಎರಡು ಬೆರಳನ್ನು ಮಗಳ ಎದೆಗೆ ಒತ್ತಿ ಹುಡುಕಿದಳು. ಒಂದು ಬಡಿತ ಸಿಕ್ಕಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು, ಇತ್ತೋ ಇಲ್ಲವೋ ಎನ್ನುವಷ್ಟು ಸಣ್ಣದು. ಕೆಳಗೆ ಯಾರೋ ಫೋನಿನಲ್ಲಿ ಮನೆಯ ಗುರುತು ಹೇಳುತ್ತಿದ್ದರು, ಎಡಕ್ಕೆ ತಿರುಗಿ, ಎರಡನೇ ಮಹಡಿ, ಬೇಗ ಬನ್ನಿ.

ಇಲಿಯಮ್ಮ ಮಗಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜಿದಳು, ಮಂಡಿಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. "ಆಡಿಸು ಪುಟ್ಟಿ" ಅಂದಳು. "ಕಾಲು ಆಡಿಸು ನನ್ನಮ್ಮಾ, ಒಂದೇ ಒಂದ್ಸಲ. ಓಡು ಕಂದ, ಎಷ್ಟು ಬೇಕಾದ್ರೂ ಓಡು, ನಾನೇನೂ ಅನ್ನಲ್ಲ."